ಏಣಿ ಕೂತಿದ್ದ ಸೀಟು

ಜೂನ್ ೯

ಸೊಸೆಗೆ,

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ನಾನಾಗಿ ಬರೆಯುತ್ತಿಲ್ಲ. ನಿನ್ನತ್ತೆ ಪೆನ್ನು ತಂದು ಕೈಗೆ ತುರುಕಿ, ಎದುರಿಗೆ ಕುರ್ಚಿ ಹಾಕಿಕೊಂಡು ಜೈಲಿನ ಕಾವಲುಗಾರ್ತಿಯ ಹಾಗೆ ಕೂತಿದ್ದಾಳೆ. ನಾನು ಚಿಕ್ಕವನಿದ್ದಾಗ ಸ್ಕೂಲು ಬಿಟ್ಟು ಓಡಿದ್ದೇ ಬರೆಯುವ ಕಾಟ ತಪ್ಪಲಿ ಅಂತ. ಇಷ್ಟು ವರ್ಷ ತಪ್ಪಿಸಿಕೊಂಡಿದ್ದೆ, ಈಗ ನೀನು ಹಿಡಿದುಹಾಕಿದೆ. ಫೋನು ಮಾಡು ಅನ್ನೋಣವೆಂದರೆ ಅದೂ ಆಗದು. ಬಸ್ ಡಿಪೋದಲ್ಲಿ ಬ್ರೇಕ್ ಶೂಗೆ ರಿವೆಟ್ ಹೊಡೆದು ಹೊಡೆದು ಕಿವಿ ಹೋಗಿದೆ. ಫೋನಿನಲ್ಲಿ ನೀನು ಮಾತಾಡಿದರೂ ಒಂದೇ, ಸೊಳ್ಳೆ ಮಾತಾಡಿದರೂ ಒಂದೇ.

ಏಣಿಯ ಕಾರನ್ನು ದಿನಾ ಕೆಲಸಕ್ಕೆ ಓಡಿಸುತ್ತಿದ್ದೀಯಂತೆ. ಬೀದಿಯವರು ಅವನ ಉದ್ದ ನೋಡಿ ಇಟ್ಟ ಹೆಸರು ಅದು, ನನ್ನ ಮಗನನ್ನು ನಾನೂ ಹಾಗೇ ಕರೆಯುತ್ತಿದ್ದೆ. ಬೇರೆ ಹೆಸರು ಬರೆಯಲು ಕೈ ಏಳುವುದಿಲ್ಲ. ಅವನು ಹೋದ ಮೇಲೆ ಆ ಕಾರು ಬ್ಯಾಡ್ಮಿಂಟನ್ ಕೋರ್ಟಿನ ಹೊರಗೆ ಧೂಳು ತಿನ್ನುತ್ತಾ ನಿಂತಿತ್ತು. ಆಡುತ್ತಾ ಆಡುತ್ತಾ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ, ಕಾರಿಗೇನು ಗೊತ್ತು ಅದು. ಅದನ್ನು ಮಾರಿಬಿಡು ಅಂತ ನಾನು ಹೇಳಿದೆ. ನೀನು ಡ್ರೈವಿಂಗ್ ಕಲಿತು, ಬೇರೆ ಊರಿನಲ್ಲಿ ಕೆಲಸ ಹಿಡಿದು, ಅದರಲ್ಲೇ ಕೂತು ಹೊರಟುಹೋದೆ. ಸರಿ, ಅದು ನಿನ್ನ ಇಷ್ಟ.

ಈಗ ಕೇಳುತ್ತೀಯ, "ಮಾವ, ಅವರು ಹಾಕಬೇಕು ಅಂತ ತಂದಿಟ್ಟ ಸಾಮಾನೆಲ್ಲ ಡಿಕ್ಕಿಯಲ್ಲೇ ಇದೆ. ದೊಡ್ಡ ಪೈಪಿದೆ, ಫಿಲ್ಟರಿದೆ, ಗಿಡ್ಡ ಸ್ಪ್ರಿಂಗಿದೆ. ಯಾವುದನ್ನು ಮೊದಲು ಹಾಕಿಸಲಿ? ನನಗೆ ಏನೂ ಗೊತ್ತಿಲ್ಲ, ಕೈಯಲ್ಲಿರೋದೂ ಕಡಿಮೆ" ಅಂತ.

ಅವೆಲ್ಲ ಕಾರು ಇನ್ನೂ ಜೋರಾಗಿ ಓಡಲಿ, ಸದ್ದು ಮಾಡಲಿ ಅಂತ ಹಾಕಿಸುವುದು, ಯಾವುದನ್ನೂ ಹಾಕಿಸಬೇಡ. ಆ ಕಾರು ಇದ್ದ ಹಾಗೇ ಹುಚ್ಚುಕುದುರೆ. ಕಾರು ಎಷ್ಟು ಜೋರಾಗಿ ಓಡುತ್ತದೆ ಅನ್ನುವುದನ್ನು ಪಡ್ಡೆ ಹುಡುಗರು ನೋಡಿಕೊಳ್ಳಲಿ, ನೀನು ಅದು ಎಷ್ಟು ಬೇಗ ನಿಲ್ಲುತ್ತದೆ ನೋಡು. ಇರುವ ಹಣದಲ್ಲಿ ಮೊದಲು ಟೈರು. ಆಮೇಲೆ ಬ್ರೇಕು, ಅಂದರೆ ಪ್ಯಾಡು, ಎಣ್ಣೆ, ಎಣ್ಣೆ ಹರಿಯುವ ರಬ್ಬರ್ ಹೋಸು. ಅದೆಲ್ಲ ಆಗಿ ಏನಾದರೂ ಉಳಿದರೆ ಒಂದು ಜೊತೆ ಒಳ್ಳೆ ಚಪ್ಪಲಿ ತಗೋ, ಸವೆದ ಚಪ್ಪಲಿಯಲ್ಲಿ ಪೆಡಲು ಒತ್ತಬೇಡ. ಎಂಜಿನ್ನಿನ ತಂಟೆಗೆ ಹೋಗಬೇಡ.

ನಿನ್ನ ಲ್ಯಾಬಿನಲ್ಲಿ ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟು ನಿನ್ನತ್ತೆಗೆ ಚೆನ್ನಾಗಿ ಕೂತಿದೆ. ಮೊದಲು ಬರೀ ಬೈಯುತ್ತಿದ್ದಳು, ಈಗ ಕಚ್ಚುವ ಹಾಗೆ ಬೈಯುತ್ತಾಳೆ.

ಇಷ್ಟು ಸಾಕು.

ಮಾವ

*

ಜುಲೈ ೨

ಮಾವನವರಿಗೆ,

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ಊಟದ ಹೊತ್ತಿಗೆ ಓದಿದೆ. ಪಕ್ಕದ ಬೆಂಚಿನ ಹುಡುಗಿ, "ಯಾರದ್ದೇ ಅದು, ಓದ್ತಾ ಓದ್ತಾ ನಗ್ತಿದೀಯ?" ಅಂದಳು. ಎಷ್ಟೋ ದಿನದ ಮೇಲೆ ನಕ್ಕೆನಂತೆ, ಅವಳು ಹೇಳಿದ ಮೇಲೆ ನನಗೂ ಗೊತ್ತಾಯಿತು.

ಟೈರು ಹಾಕಿಸಿದೆ. ಅದಕ್ಕೇ ಎರಡು ತಿಂಗಳ ಉಳಿತಾಯ ಹೋಯಿತು. ಇಲ್ಲಿಯ ಗ್ಯಾರೇಜಿನವರು ನಿಮ್ಮ ಮಾತು ಕೇಳಿ ಬೇಸರ ಮಾಡಿಕೊಂಡರು. "ಏನ್ ಮೇಡಂ, ಇಂಥಾ ಗಾಡಿ ಇಟ್ಕೊಂಡು ಟೈರು ಅಂತೀರಲ್ಲ. ಪೈಪು ಹಾಕ್ಸಿ, ನೀವು ಬರೋದು ಪಕ್ಕದ ಬೀದಿಗೇ ಗೊತ್ತಾಗ್ಬೇಕು" ಅಂದರು. ಗೊತ್ತಾಗಿ ಯಾರೇನು ಮಾಡಬೇಕು ಅಂದೆ. ಅವರು ಜಾಕ್ ತರಲು ಹೋದರು.

ನಾನಿರುವ ಬಡಾವಣೆಯಿಂದ ಲ್ಯಾಬಿಗೆ ಹೊರವರ್ತುಲ ರಸ್ತೆಯಲ್ಲೇ ಹೋಗಬೇಕು. ಎಲ್ಲರೂ ಜೋರಾಗಿ ಹೋಗುತ್ತಾರೆ, ನಿಧಾನ ಹೋದರೆ ಹಿಂದಿನಿಂದ ಹಾರ್ನು. ಬೆಳಿಗ್ಗೆ ಆ ರಸ್ತೆಯಲ್ಲಿ ಕಾಲು ಒತ್ತಿದಾಗ ಕಾರು ನನ್ನನ್ನು ಸೀಟಿಗೆ ಒತ್ತಿ ಹಿಡಿಯುತ್ತದೆ. ಯಾರೋ ಹಿಂದಿನಿಂದ ತಬ್ಬಿಕೊಂಡ ಹಾಗೆ. ಇದನ್ನು ಅತ್ತೆಗೆ ಓದಿ ಹೇಳಬೇಡಿ.

ನಿಮ್ಮ ಮಗ ಡಿಕ್ಕಿಯಲ್ಲಿ ತಂದಿಟ್ಟ ಪೆಟ್ಟಿಗೆಗಳನ್ನು ಹಾಗೇ ಬಿಟ್ಟರೆ ಏನೋ ಅರ್ಧಕ್ಕೆ ನಿಂತ ಹಾಗೆ ಅನಿಸುತ್ತದೆ. ಫಿಲ್ಟರು ಒಂದನ್ನಾದರೂ ಹಾಕಿಸಲೇ?

ಬ್ರೇಕು ಮಾತ್ರ ಯಾಕೋ ಸರಿಯಿಲ್ಲ. ಒತ್ತಿದರೆ ಬೇಗ ನಿಲ್ಲುವುದಿಲ್ಲ. ಗ್ಯಾರೇಜಿನವರು ತಾವೇ ಓಡಿಸಿ ನೋಡಿ, "ಬ್ರೇಕು ಬೆಣ್ಣೆ ಥರ ಇದೆ ಮೇಡಂ" ಅಂದರು. ನನಗೆ ಹಾಗೆ ಅನಿಸುವುದಿಲ್ಲ.

ನಿಮ್ಮ ಸೊಸೆ

*

ಜುಲೈ ೧೪

ಸೊಸೆಗೆ,

ಬೆಣ್ಣೆಯಂತೆ, ಬೆಣ್ಣೆ. ಬ್ರೇಕು ಬೆಣ್ಣೆಯ ಹಾಗಿರಬಾರದು ಅಂತ ಅವನಿಗೆ ಯಾರಾದರೂ ಹೇಳಿ. ಬಸ್ ಡಿಪೋದಲ್ಲಿ ನಾನು ಒಂದು ಬಸ್ಸಿನ ಕೆಳಗಿಂದ ಎದ್ದು ಬಂದರೆ ಡ್ರೈವರು ಕೇಳುತ್ತಿದ್ದದ್ದು ಒಂದೇ, "ಹಿಡಿಯುತ್ತಾ ಅಣ್ಣಾ?" ಅಂತ. ಹಿಡಿಯುತ್ತೆ ಅಂದರೆ ಹತ್ತುತ್ತಿದ್ದ, ಇಲ್ಲವೆಂದರೆ ಬೀಡಿ ಹಚ್ಚಿ ಕೂರುತ್ತಿದ್ದ.

ಒತ್ತಿದರೂ ನಿಲ್ಲುವುದಿಲ್ಲ ಅಂದರೆ ಎಣ್ಣೆಯಲ್ಲಿ ಗಾಳಿ ಸೇರಿರಬಹುದು. ಹೋಸು ಹಳತಾಗಿ ಉಬ್ಬುತ್ತಿರಬಹುದು. ಪ್ಯಾಡು ಸುಟ್ಟು ಗಾಜಿನ ಹಾಗೆ ನಯವಾಗಿರಬಹುದು. ಮೂರನ್ನೂ ಬದಲಿಸು, ಉಳಿಸುವ ಚಪಲ ಇಲ್ಲಿ ಬೇಡ. ಪ್ಯಾಡು ನಾನೇ ಕಳಿಸುತ್ತಿದ್ದೇನೆ. ನನ್ನ ಶೆಡ್ಡಿನಲ್ಲಿ ಕೈಯಿಂದ ಕೂರಿಸಿದ್ದು, ಬಸ್ಸಿನ ಬ್ರೇಕಿಗೆ ಕೂರಿಸುವ ಲೈನಿಂಗು. ಸ್ವಲ್ಪ ಕಿರಿಚುತ್ತದೆ, ಕಿರಿಚಲಿ. ಕಿರಿಚುವವರು ಹಿಡಿಯುತ್ತಾರೆ, ನನ್ನ ಮನೆಯಲ್ಲೇ ನೋಡಿದ್ದೇನೆ.

ಹೋಸು, ಎಣ್ಣೆ ಬದಲಿಸುವಾಗ ಗ್ಯಾರೇಜಿನವನ ಪಕ್ಕ ನಿಂತುಕೋ. ಬೈದುಕೊಂಡರೂ ನಿಂತುಕೋ. ಎಣ್ಣೆಯಿಂದ ಗುಳ್ಳೆ ಬರುವುದು ನಿಲ್ಲುವವರೆಗೂ ನೋಡು. ಫಿಲ್ಟರು ಬೇಡ.

ತಬ್ಬಿಕೊಂಡ ಹಾಗೆ ಅಂತ ಬರೆದಿದ್ದೆಯಲ್ಲ, ಅದನ್ನು ನಿನ್ನತ್ತೆಗೆ ಓದಲಿಲ್ಲ. ಓದದಿದ್ದರೂ ಅವಳು, "ಇಲ್ಲಿ ಯಾಕೆ ನಿಂತ್ರಿ? ಏನೋ ನುಂಗಿದ್ರಿ" ಅಂತ ಹಿಡಿದುಕೊಂಡಳು. ಕನ್ನಡಕ ಮಂಜಾಯಿತು ಅಂದೆ.

ಪ್ಯಾಡು ಕೈಸೇರಿದ ಕೂಡಲೇ ಬರೆ.

ಮಾವ

*

ಸೆಪ್ಟೆಂಬರ್ ೧

ಸೊಸೆಗೆ,

ಪಾರ್ಸೆಲ್ಲು ತಲುಪಿತೋ ಇಲ್ಲವೋ? ತಲುಪಿತು ಅಂತ ಅಂಚೆಯವನು ರಸೀದಿ ತೋರಿಸುತ್ತಾನೆ, ನೀನು ಮಾತ್ರ ತುಟಿ ಬಿಚ್ಚುವುದಿಲ್ಲ. ಕೋಪ ಬಂತೇನೋ ನಿನಗೆ. ಬರಲಿ. ಕೋಪ ಬಂದರೆ ಕೋಪದಲ್ಲೇ ಬರೆ, ನನ್ನ ಹಾಗೆ.

ಇಲ್ಲಿ ಹೇಳುವಂಥದ್ದು ಏನಿಲ್ಲ. ಶೆಡ್ಡಿನ ಹಿಂದೆ ನಾವಿರುವ ಎರಡು ಕೋಣೆಗೆ ಮಾಲೀಕ ಸುಣ್ಣ ಹೊಡೆಸಿದ. ನಿನ್ನತ್ತೆ ಏಣಿಯ ಅಂಗಿಗಳನ್ನು ಗೋಡೆಯ ಮೊಳೆಯಿಂದ ತೆಗೆದು, ಸುಣ್ಣ ಆರಿದ ಮೇಲೆ ಅದೇ ಮೊಳೆಗೆ ಅದೇ ಸಾಲಿನಲ್ಲಿ ಮತ್ತೆ ನೇತುಹಾಕಿದಳು. ನೀಲಿ ಪಟ್ಟೆಯದ್ದರ ಪಕ್ಕ ಬಿಳಿಯದ್ದು ಬರಬೇಕಂತೆ. ಸುಣ್ಣದವನು, "ಯಾರದಮ್ಮ ಇವು?" ಅಂದ. "ನನ್ನ ಮಗಂದು, ಊರಲ್ಲಿಲ್ಲ" ಅಂದಳು. ನಾನು ಕಿವಿ ಕೇಳದವನ ಹಾಗೆ ಹೊರಗೆ ಬಂದೆ. ತುಟಿ ನೋಡಿ ಮಾತು ಓದುವುದನ್ನು ಯಾಕಾದರೂ ಕಲಿತೆನೋ.

ಕಾರಿನ ವಿಷಯ. ಪ್ಯಾಡು, ಹೋಸು, ಎಣ್ಣೆ ಎಲ್ಲ ಆದಮೇಲೂ ಹಿಡಿಯದಿದ್ದರೆ ನನಗೆ ಒಂದು ಲೆಕ್ಕ ಬೇಕು. ಪೆಡಲು ಎಷ್ಟು ಕೆಳಗೆ ಇಳಿದಾಗ ಗಟ್ಟಿಯಾಗುತ್ತದೆ? ಬೆರಳು ಅಗಲವೋ, ಅಂಗೈ ಅಗಲವೋ? ನೋಡಿ ಬರೆ. ಊಹೆಯಲ್ಲಿ ಬರೆಯಬೇಡ.

ಮೌನ ನನಗೆ ಬೇಕಾದಷ್ಟಿದೆ, ಅಂಚೆಯಲ್ಲಿ ಕಳಿಸಬೇಕಾಗಿಲ್ಲ.

ಮಾವ

*

ಅಕ್ಟೋಬರ್ ೧೯

ಮಾವನವರಿಗೆ,

ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದಾರೆ. ಮೂಳೆ ಕೂಡುತ್ತದಂತೆ. ಲ್ಯಾಬಿನಲ್ಲಿ ರಜೆ ಕೊಟ್ಟಿದ್ದಾರೆ, ಹಲ್ಲು ಕೆತ್ತುವ ಕೆಲಸ ಒಂದೇ ಕೈಯಲ್ಲಿ ಆಗುವುದಿಲ್ಲವಲ್ಲ.

ಸಿಗ್ನಲ್ಲಿನಲ್ಲಿ ನಿಂತಿದ್ದ ವ್ಯಾನಿಗೆ ಹಿಂದಿನಿಂದ ಗುದ್ದಿದೆ. ಅವರಿಗೆ ಏನೂ ಆಗಲಿಲ್ಲ. ಆ ಡ್ರೈವರು ಇಳಿದು ಬಂದು ಬೈಯಲು ಬಾಯಿ ತೆಗೆದವರು, ನನ್ನ ಮುಖ ನೋಡಿ, "ಯಾಕಮ್ಮ, ಮನೇಲಿ ಎಲ್ಲಾ ಸರಿ ಇದೆಯಾ?" ಅಂದರು. ಕಾರಿನ ಮೂತಿ ಒಳಗೆ ಹೋಗಿದೆ, ಗ್ಯಾರೇಜಿನಲ್ಲಿ ನಿಂತಿದೆ.

ನಿಮ್ಮ ಪ್ಯಾಡಿನದ್ದು ತಪ್ಪಿಲ್ಲ. ಅದನ್ನು ಜುಲೈನಲ್ಲೇ ಹಾಕಿಸಿದ್ದೆ. ಹೋಸು, ಎಣ್ಣೆ ಎಲ್ಲ ಬದಲಿಸಿ ಗುಳ್ಳೆ ನಿಲ್ಲುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಪೆಡಲಿನ ಲೆಕ್ಕ ಕೇಳಿದಿರಿ. ಅದಕ್ಕೆ ಏನು ಬರೆಯುವುದೋ ತಿಳಿಯದೆ ಸುಮ್ಮನಿದ್ದೆ. ನನ್ನ ಕಾಲು ಅದರ ತಳದವರೆಗೆ ಹೋಗುವುದೇ ಇಲ್ಲ ಮಾವ.

ನಿಮ್ಮ ಮಗ ಕಾರಿನದ್ದೇ ಸೀಟು ತೆಗೆಸಿ ರೇಸಿನ ಸೀಟು ಹಾಕಿಸಿದ್ದು ನಿಮಗೆ ಗೊತ್ತಲ್ಲ. ಅದು ಹಿಂದೆ ಮುಂದೆ ಜರುಗುವುದಿಲ್ಲ, ನೆಲಕ್ಕೆ ಬೋಲ್ಟು. ಅವರ ಕಾಲಿನ ಉದ್ದಕ್ಕೆ ಬಿಗಿಸಿದ್ದು. ನಾನು ಅದನ್ನು ಬಿಚ್ಚಿಸಿಲ್ಲ. ಬೆನ್ನಿಗೆ ದಿಂಬು ಇಟ್ಟುಕೊಂಡು ಓಡಿಸುತ್ತಿದ್ದೆ. ಮೆಲ್ಲಗೆ ನಿಲ್ಲಿಸುವಾಗ ಸಾಲುತ್ತಿತ್ತು. ಅವಸರದಲ್ಲಿ ಒತ್ತಿದರೆ ದಿಂಬು ಕುಸಿಯುತ್ತದೆ, ನಾನು ಹಿಂದಕ್ಕೆ ಹೋಗುತ್ತೇನೆ, ಕಾಲು ಅರ್ಧದಲ್ಲೇ ನಿಲ್ಲುತ್ತದೆ.

ನಾನು ಹೊರಡುವ ದಿನ ಅತ್ತೆ ಬಾಗಿಲು ತೆಗೆದು ಆ ಸೀಟಿನ ಮೇಲೆ ಕೈಯಾಡಿಸಿ, "ಇದನ್ನು ಅಲುಗಿಸಬೇಡ ಕಣೇ, ಅವನು ಕೂತ ಹಾಗೇ ಇರಲಿ" ಅಂದರು. ಹೂಂ ಅಂದೆ. ಅವರು ಹೇಳದಿದ್ದರೂ ನಾನು ಅಲುಗಿಸುತ್ತಿರಲಿಲ್ಲ. ದಯವಿಟ್ಟು ಅವರನ್ನು ಏನೂ ಅನ್ನಬೇಡಿ.

ನಿಮ್ಮ ಸೊಸೆ

*

ಅಕ್ಟೋಬರ್ ೨೮

ಸೊಸೆಗೆ,

ಮೂರು ಸಲ ಬರೆದು ಹರಿದುಹಾಕಿದೆ. ಹರಿದದ್ದರಲ್ಲಿ ಇದ್ದದ್ದನ್ನು ನೀನು ಓದದೇ ಇರುವುದು ಒಳ್ಳೆಯದು.

ಅಲ್ಲಮ್ಮಾ, ಬಾಯಿಯ ಅಚ್ಚು ತೆಗೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಮತ್ತೆ ಉಜ್ಜಿ ಕೊಡುವವಳು ನೀನು. ಒಬ್ಬರ ಬಾಯಿಗೆ ಮಾಡಿದ ಹಲ್ಲನ್ನು ಇನ್ನೊಬ್ಬರ ಬಾಯಿಗೆ ತುರುಕಿ ಅಗಿಯಿರಿ ಅನ್ನುತ್ತೀಯಾ? ನಿನ್ನ ಕಾಲು ನಿನ್ನದು, ಅವನ ಕಾಲು ಅವನದ್ದು. ಅವನ ಕಾಲಿಗೆ ಇನ್ನು ಸೀಟಿನ ಕೆಲಸವಿಲ್ಲ. ಇದನ್ನು ನಾನೇ ಬರೆಯಬೇಕಾಯಿತು, ನೋಡು.

ನಾನು ಎಂಥ ಪೆದ್ದ. ಪ್ಯಾಡು ಕೇಳಿದೆ, ಹೋಸು ಕೇಳಿದೆ, ಗುಳ್ಳೆ ಎಣಿಸು ಅಂದೆ. ಎಲ್ಲಿ ಕೂರುತ್ತೀಯ ಅಂತ ಕೇಳಲಿಲ್ಲ. ಸ್ಟೂಲು ಹಾಕಿಕೊಂಡು ಮೇಲಿನ ಡಬ್ಬಿ ತೆಗೆಯುತ್ತಿದ್ದವಳು ನೀನು, ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದವನು ಅವನು. ಇಬ್ಬರನ್ನೂ ಈ ಕಣ್ಣಿಂದಲೇ ನೋಡಿದ್ದೇನೆ.

ನಿನ್ನ ಕಾಗದವನ್ನು ಅವಳಿಗೆ ಓದಲೇಬೇಕಾಯಿತು. ಅವಳಿಗೆ ಓದು ಬರದು, ಆದರೆ ನಾನು ಎಲ್ಲಿ ಹಾರಿಸಿ ಓದುತ್ತೇನೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಸೀಟಿನ ಮೇಲೆ ಕೈಯಾಡಿಸಿದ ಜಾಗಕ್ಕೆ ಬಂದಾಗ ತಡೆದೆ. "ಓದಿ," ಅಂದಳು. ಓದಿದೆ. "ಇನ್ನೊಂದ್ಸಲ," ಅಂದಳು. ಇನ್ನೊಂದು ಸಲ ಓದಿದೆ.

ಆಮೇಲೆ ಎದ್ದು ಪಾತ್ರೆ ತೊಳೆಯಲು ಹೋದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಸ್ವಲ್ಪ ಹೊತ್ತಾದ ಮೇಲೆ ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು, ನಾನು ತುಟಿ ನೋಡಲಿ ಅಂತ. "ನನ್ನ ಬಾಯಿ ಸುಡಾ. ಆ ಹುಡುಗೀನ ನಾನೇ ಕೊಲ್ತಿದ್ನಲ್ರೀ" ಅಂದಳು. "ನೀನು ಸೀಟಿನ ವಿಷಯ ಹೇಳಿದೆ ಅಷ್ಟೇ" ಅಂದೆ. "ಹೋಗಿ ಬಿಚ್ಚಿ ಬನ್ನಿ. ನೀವೇ ಹೋಗಿ. ಬೇರೆಯವರ ಕೈಲಿ ಬಿಚ್ಚಿಸಬೇಡಿ" ಅಂದಳು.

ಹೋಗುತ್ತೇನೆ. ಕಾರಿನದ್ದೇ ಹಳೇ ಸೀಟು ನನ್ನ ಶೆಡ್ಡಿನ ಅಟ್ಟದ ಮೇಲಿದೆ. ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತೇನೆ. ಗ್ಯಾರೇಜಿನವನಿಗೆ ಹೇಳಿಡು, ಒಬ್ಬ ಕಿವುಡ ಮುದುಕ ಬರುತ್ತಾನೆ, ಬೈಗುಳ ತನ್ನದೇ ತರುತ್ತಾನೆ, ಸ್ಪ್ಯಾನರ್ ಮಾತ್ರ ಕೊಡಿ ಅಂತ.

ಕೈ ನೋಡಿಕೋ. ಪ್ಲಾಸ್ಟರ್ ಒದ್ದೆ ಮಾಡಬೇಡ.

ಮಾವ

*

ಡಿಸೆಂಬರ್ ೪

ಸೊಸೆಗೆ,

ಹೋದ ತಿಂಗಳ ಕೊನೆಯ ಭಾನುವಾರ ಬಂದಿದ್ದೆ. ನೀನು ಗ್ಯಾರೇಜಿಗೆ ಹೋಗಿದ್ದರೆ ಅವನು ಹೇಳಿರುತ್ತಾನೆ. ಹೋಗಿಲ್ಲದಿದ್ದರೆ ಈಗ ನಾನು ಹೇಳುತ್ತೇನೆ.

ನಿನ್ನ ಗ್ಯಾರೇಜಿನವನು ಮಾತಿನಮಲ್ಲ, ಆದರೆ ಕೈ ಕೆಟ್ಟದ್ದಲ್ಲ. ಮೂತಿ ನೇರ ಮಾಡಿದ್ದಾನೆ, ರೇಡಿಯೇಟರ್ ಹೊಸದು ಕೂರಿಸಿದ್ದಾನೆ. ನಾನು ಕೆಲಸ ಮಾಡುವಾಗ ದೂರದಲ್ಲೇ ಇದ್ದ. ಅವನಿಗೂ ತಂದೆ ಇದ್ದಾರೆ ಅಂತ ಕಾಣುತ್ತದೆ.

ಬಿಚ್ಚುವ ಮೊದಲು ಒಂದು ಸಲ ಆ ಸೀಟಿನಲ್ಲಿ ಕೂತೆ. ನಾನೂ ಕುಳ್ಳನೇ, ಅವನ ಉದ್ದ ಅವನ ತಾಯಿಯ ಕಡೆಯದ್ದು. ಕಾಲು ಚಾಚಿದೆ. ಅವನು ಅಲ್ಲಿ ಕೂತು ಎಷ್ಟು ಆರಾಮಾಗಿ ಓಡಿಸುತ್ತಿದ್ದನೋ. ಸೀಟಿನ ಪಕ್ಕದ ಬಟ್ಟೆ ಅವನ ತೊಡೆ ಉಜ್ಜಿ ಉಜ್ಜಿ ಎಳೆ ಬಿಟ್ಟಿದೆ. ಅಲ್ಲಿ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ, ಗ್ಯಾರೇಜಿನವನು ಬಂದು ನೀರು ಕೊಟ್ಟ. ಬೋಲ್ಟುಗಳು ತುಕ್ಕು ಹಿಡಿದಿದ್ದವು, ಬಿಡಲಿಲ್ಲ. ಎಣ್ಣೆ ಬಿಟ್ಟು, ಕಾದು, ಬೈದು, ಬಿಚ್ಚಿದೆ. ಆ ಸೀಟನ್ನು ಊರಿಗೆ ತರಲಿಲ್ಲ. ತಂದರೆ ನಿನ್ನತ್ತೆ ಅದನ್ನೂ ಅಂಗಿಗಳ ಕೆಳಗೆ ಇಟ್ಟುಕೊಂಡು ಕೂರುತ್ತಾಳೆ. ಗ್ಯಾರೇಜಿನವನಿಗೆ ಕೊಟ್ಟೆ, ಡಿಕ್ಕಿಯ ಪೆಟ್ಟಿಗೆಗಳನ್ನೂ ಕೊಟ್ಟೆ. ನಿನ್ನನ್ನು ಕೇಳಲಿಲ್ಲ. ಬೈಯುವುದಿದ್ದರೆ ಬೈದುಕೋ. ಅವನು ಅದರ ಬದಲು ಕೂಲಿಯಲ್ಲಿ ಬಿಡುತ್ತಾನೆ.

ಹಳೇ ಸೀಟು ಹಾಕಿದ್ದೇನೆ. ಜರುಗುತ್ತದೆ. ಪೂರ್ತಿ ಮುಂದಕ್ಕೆ ಎಳೆದುಕೋ. ಕಾಲು ಪೆಡಲಿನ ತಳ ಮುಟ್ಟಿದಾಗಲೂ ಮೊಣಕಾಲು ಸ್ವಲ್ಪ ಬಗ್ಗಿರಬೇಕು. ಇಷ್ಟು ದಿನ ನೀನು ಕಾರಿಗೆ ಮಾಡಿಸಬೇಕಾಗಿದ್ದ ಮೊದಲನೇ ಕೆಲಸ ಇದು, ಇದಕ್ಕೆ ಕಾಸೂ ಬೇಕಾಗಿರಲಿಲ್ಲ.

ಇನ್ನು ನಾನು ನಿಜವಾಗಿ ಬರೆಯಬೇಕೆಂದಿರುವುದು. ನಿನ್ನತ್ತೆ ಒಳಗೆ ಮಲಗಿದ್ದಾಳೆ, ಇದನ್ನು ಅವಳಿಗೆ ಓದುವುದಿಲ್ಲ.

ಸೀಟು ತೆಗೆದ ಮೇಲೆ ನೆಲದ ಮೇಲೆ ಬಗ್ಗಿ ಪೆಡಲುಗಳನ್ನು ನೋಡಿದೆ. ಕಾಲು ಎಟುಕಲಿ ಅಂತ ನೀನು ಕ್ಲಚ್ಚಿನ ಪೆಡಲಿಗೆ ಒಂದು ದಪ್ಪ ಗುಲಾಬಿ ತುಂಡು ಅಂಟಿಸಿದ್ದೆ. ಆಕ್ಸಿಲರೇಟರಿಗೂ ಒಂದು. ವಸಡಿಗೆ ಬಳಸುವ ಪ್ಲಾಸ್ಟಿಕ್ಕು. ನಿನ್ನತ್ತೆಯ ಬಾಯಲ್ಲಿ ದಿನಾ ನೋಡುತ್ತೇನೆ, ನನಗೆ ಗುರುತು ಹತ್ತದೇ ಇರುತ್ತದೆಯೇ. ಅಂಚು ಉಜ್ಜಿ, ಕಾಲು ಜಾರದ ಹಾಗೆ ಗೀರು ಹಾಕಿ, ಎಷ್ಟು ನೀಟಾಗಿ ಮಾಡಿದ್ದೀ. ನಿನ್ನ ಅಳತೆಗೆ ಸರಿಯಾಗಿ.

ಮಧ್ಯದ ಪೆಡಲಿಗೆ, ಬ್ರೇಕಿನದ್ದಕ್ಕೆ, ಇಲ್ಲ.

ಬಿದ್ದುಹೋಗಿರಬಹುದು ಅಂತ ಕಾರಿನ ಒಳಗೆಲ್ಲ ಹುಡುಕಿದೆ. ಕಂಬಳಿ ಎತ್ತಿ ಹುಡುಕಿದೆ. ಪೆಡಲಿನ ರಬ್ಬರನ್ನು ಉಗುರಿನಲ್ಲಿ ಕೆರೆದು ನೋಡಿದೆ. ಅಂಟಿನ ಗುರುತು ಕಾಣಲಿಲ್ಲ. ಬ್ರೇಕಿನ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು, ಆ ಪೆಡಲನ್ನು ಹೇಗೆ ನೋಡಬೇಕು ಅಂತ ನನಗೆ ಗೊತ್ತು.

ಎರಡೂ ತುಂಡು ಕಿತ್ತು ಜೇಬಿಗೆ ಹಾಕಿಕೊಂಡು ನಿನ್ನ ಮನೆಗೇ ಬಂದೆ. ಎದುರು ಫುಟ್‌ಪಾತಿನಲ್ಲಿ ನಿಂತೆ. ನೀನು ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡು, ಎಡಗೈಯಲ್ಲಿ. ಸೊರಗಿದ್ದೀ. ಮೆಟ್ಟಿಲು ಹತ್ತಿ ಬರುವುದು ಎಷ್ಟರ ಕೆಲಸ. ಬಂದರೆ ಈ ಮಾತು ಕೇಳಬೇಕಿತ್ತು, ನೀನು ತಲೆ ತಗ್ಗಿಸಿ ಉತ್ತರ ಹೇಳುತ್ತಿದ್ದೆ. ತಲೆ ತಗ್ಗಿಸಿದರೆ ನನಗೆ ತುಟಿ ಕಾಣುವುದಿಲ್ಲ. ಏನಂದೆ, ಇನ್ನೊಂದು ಸಲ ಹೇಳು ಅಂತ ಕೇಳುವ ಮಾತಲ್ಲ ಅದು. ಅದಕ್ಕೆ ಬಸ್ ಸ್ಟ್ಯಾಂಡಿಗೆ ಹೋಗಿಬಿಟ್ಟೆ. ಕಾಗದದಲ್ಲಾದರೆ ನನಗೆ ಕಿವಿ ಬೇಡ.

ಕೇಳುತ್ತೇನೆ. ಎರಡಕ್ಕೆ ಮಾಡಿದವಳು ಮೂರನೆಯದಕ್ಕೆ ಯಾಕೆ ಮಾಡಲಿಲ್ಲ?

ಪ್ಲಾಸ್ಟಿಕ್ಕು ಮುಗಿದಿತ್ತು ಅನ್ನು, ನಂಬುತ್ತೇನೆ. ಮಾಡಿದ್ದೆ, ಬಿದ್ದುಹೋಯಿತು ಅನ್ನು, ನನ್ನ ಕಣ್ಣೇ ಸರಿಯಿಲ್ಲ ಅಂದುಕೊಳ್ಳುತ್ತೇನೆ. ಅದಲ್ಲ ಮಾವ, ಬೇರೆ ಇದೆ ಅನ್ನುವುದಾದರೆ ಅದನ್ನೂ ಬರೆ. ಬೈಯುವುದಿಲ್ಲ. ನಾನು ಬೈಯದೇ ಇರುವುದನ್ನು ನೀನು ನೋಡಿಲ್ಲ, ಈಗ ನೋಡು. ನಾವು ಒಬ್ಬನನ್ನು ಸ್ಮಶಾನಕ್ಕೆ ಹೊತ್ತುಕೊಂಡು ಹೋಗಿ ಬಂದಿದ್ದೇವೆ. ನನ್ನ ಹೆಗಲಿನಲ್ಲಿ ಇನ್ನೊಂದು ಸಲಕ್ಕೆ ಶಕ್ತಿ ಇಲ್ಲ, ಅವಳಲ್ಲಂತೂ ಇಲ್ಲವೇ ಇಲ್ಲ.

ಕಾರಿನ ಕೀ ನನ್ನ ಹತ್ತಿರ ಇದೆ. ಗ್ಯಾರೇಜಿನವನಿಂದ ತಗೊಂಡು ಬಂದೆ, ಅದೇ ಗೊಂಚಲಿನಲ್ಲಿದ್ದ ಎರಡನೇ ಕೀಯನ್ನೂ. ನಿನ್ನ ಉತ್ತರ ಬರುವವರೆಗೆ ಬಸ್ಸಿನಲ್ಲಿ ಓಡಾಡು.

ಉತ್ತರ ಡಿಸೆಂಬರ್ ಇಪ್ಪತ್ತರೊಳಗೆ ನನ್ನ ಕೈಯಲ್ಲಿರಬೇಕು.

ಮಾವ